ಔಷಧಿ ಯಾರಿಗೂ ಒಗ್ಗಿಹೋಗಿಲ್ಲ

“ಮಲೇರಿಯಾಗೆ ಆ ಔಷಧಿ ಒಗ್ಗಿಹೋಗಿದೆ, ಅದಕ್ಕೇ ನಾಟ್ತಿಲ್ಲ.” ಎಲ್ಲಿ ಮಾತಾಡಲು ಹೋದರೂ ಇದನ್ನು ಕೇಳುತ್ತೇನೆ. ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಓದುವುದೇ ನನ್ನ ಕೆಲಸ. ಔಷಧಿಗೆ ಒಗ್ಗಿಕೊಂಡ ಪರಾವಲಂಬಿ ನನಗೆ ಒಂದು ಸಲವೂ ಸಿಕ್ಕಿಲ್ಲ.

ಸಿಕ್ಕಿದ್ದು ಬೇರೆ. 2002ರಲ್ಲಿ ಮೊದಲ ಸಲ ಪೂರ್ತಿ ಓದಿದ ಈ ಜೀನೋಮಿನಲ್ಲಿ ಸುಮಾರು 2.3 ಕೋಟಿ ಅಕ್ಷರಗಳಿವೆ. ಡಿಎನ್‌ಎಯ ನಾಲ್ಕು ಅಕ್ಷರಗಳಾದ ಎ, ಟಿ, ಜಿ, ಸಿಗಳಲ್ಲಿ ನೂರಕ್ಕೆ 80ರಷ್ಟು ಬರೀ ಎ ಮತ್ತು ಟಿ. ನೋಡುತ್ತಾ ಕೂತರೆ ಕಣ್ಣು ಸೋಲುತ್ತದೆ. ಅದರೊಳಗೆ ಪಿಎಫ್‌ಸಿಆರ್‌ಟಿ ಅನ್ನುವ ಜೀನ್. ಅದು ಕಟ್ಟುವ ಪ್ರೋಟೀನಿನ 76ನೇ ಜಾಗಕ್ಕೆ ಎಎಎ ಅಂತ ಬರೆದಿದ್ದರೆ ಹಳೇ ಮಲೇರಿಯಾ ಔಷಧಿ ಕ್ಲೋರೋಕ್ವಿನ್ ನಾಟುತ್ತದೆ. ನಡುವಿನ ಎ ಹೋಗಿ ಸಿ ಬಂದು ಎಸಿಎ ಆಗಿದ್ದರೆ ಕಷ್ಟ. ಆಗ ಪರಾವಲಂಬಿ ತನ್ನ ಜೀರ್ಣಕೋಶಕ್ಕೆ ಸೇರಿದ ಔಷಧಿಯನ್ನು ಆಚೆ ತಳ್ಳುತ್ತದೆ. ಈ ಒಂದೇ ಅಕ್ಷರ ಸಾಲದು, ಜೊತೆಗೆ ಬೇರೆ ಬದಲಾವಣೆಗಳೂ ಬೇಕು. ಆದರೆ ನಾವು ಮೊದಲು ಹುಡುಕುವುದು ಇದನ್ನೇ.

ಈಗ ಮುಖ್ಯ ಮಾತು. ಆ ಅಕ್ಷರ ಔಷಧಿ ಕಂಡು ಬದಲಾದದ್ದಲ್ಲ. ಡಿಎನ್‌ಎ ನಕಲಾಗುವಾಗ ಸುಮ್ನೆ ಆದ ತಪ್ಪು. ಜ್ವರ ಜೋರಾದವರ ರಕ್ತದಲ್ಲಿ ಸಾವಿರ ಕೋಟಿಗೂ ಜಾಸ್ತಿ ಪರಾವಲಂಬಿಗಳು ಇರಬಹುದು. ಅಷ್ಟರಲ್ಲಿ ಎಲ್ಲೋ ಒಂದರಲ್ಲಿ ತಪ್ಪಾಗುತ್ತದೆ. ಔಷಧಿ ಮಿಕ್ಕವನ್ನು ಕೊಲ್ಲುತ್ತದೆ, ಆ ಒಂದರ ಸಂತಾನಕ್ಕೆ ಜಾಗ ಸಿಗುತ್ತದೆ. ಕಲಿತವರು ಯಾರೂ ಇಲ್ಲ, ಉಳಿದವರು ಇದ್ದಾರೆ ಅಷ್ಟೇ.

ಮಲಾವಿ ದೇಶ 1993ರಲ್ಲಿ ಕ್ಲೋರೋಕ್ವಿನ್ ಬಿಟ್ಟಿತು. ಹತ್ತೇ ವರ್ಷದೊಳಗೆ ಅಲ್ಲಿ ಎಸಿಎ ಹೆಚ್ಚುಕಮ್ಮಿ ಮಾಯವಾಯಿತು. ಇದನ್ನು ಹೇಳಿದಾಗ ಒಬ್ಬಳು ವಿದ್ಯಾರ್ಥಿನಿ, “ಹಾಗಾದರೆ ಮರೆತುಬಿಟ್ಟಿತಾ, ಮೇಡಂ?” ಅಂದಳು. ತುಂಬಾ ಒಳ್ಳೆಯ ಪ್ರಶ್ನೆ. ಮರೆಯಲಿಲ್ಲ ಕಣಮ್ಮಾ. ಮೂಲೆಯಲ್ಲಿ ಉಳಿದಿದ್ದ ಎಎಎ ವಂಶದವು, ಔಷಧಿಯ ಕಾಟ ತಪ್ಪಿದ ಮೇಲೆ ಮತ್ತೆ ಹಬ್ಬಿದವು. ಜೀನೋಮಿನಲ್ಲಿ ಆ ಜೀನಿನ ಅಕ್ಕಪಕ್ಕದ ಗುರುತುಗಳನ್ನು ಹೋಲಿಸಿದರೆ ಇದು ಕಾಣುತ್ತದೆ. (ಇದನ್ನು ಓದಿ ಹಳೇ ಮಾತ್ರೆ ಹುಡುಕಬೇಡಿ. ಯಾವ ಔಷಧಿ ಅನ್ನುವುದನ್ನು ವೈದ್ಯರೇ ಹೇಳಬೇಕು.)

ಒಂದು ಪದಕ್ಕೆ ಇಷ್ಟೇಕೆ ಜಗಳ ಅಂದರೆ, “ಮೈಗೆ ಒಗ್ಗಿಬಿಡುತ್ತೆ” ಅಂತ ಹೆದರಿ ಮಾತ್ರೆಯನ್ನು ಅರ್ಧಕ್ಕೇ ಬಿಡುವವರಿದ್ದಾರೆ. ಜ್ವರ ಇಳಿಯಿತಲ್ವಾ ಅನ್ನುತ್ತಾರೆ. ಈಗ ಕೊಡುವುದು ಜೋಡಿ ಔಷಧಿ, ಸಾಮಾನ್ಯವಾಗಿ ಮೂರು ದಿನ. ಆರ್ಟಿಮಿಸಿನಿನ್ ಜಾತಿಯದು ಬೇಗ ಕೊಂದು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಹೋಗುತ್ತದೆ. ಮಿಕ್ಕವನ್ನು ಮುಗಿಸುವುದು ಅದರ ಜೊತೆಗಾರ. ಎರಡನೇ ದಿನ ಜ್ವರ ಇಳಿದಾಗ ಆ ಮಿಕ್ಕವು ಇನ್ನೂ ರಕ್ತದಲ್ಲೇ ಇರುತ್ತವೆ.