ಪಾರ್ಕಿನ ಜಾಗಕ್ಕೆ ಯಾರು ಹೊಣೆ? ಬೆಂಗಳೂರಿನ ಸಾರ್ವಜನಿಕ ಸ್ವತ್ತು ಕಗ್ಗಂಟಾದ ಬಗೆ

ಬಡಾವಣೆಯ ಮೂಲೆಯಲ್ಲೊಂದು ಖಾಲಿ ಜಾಗ. ಸುತ್ತ ತಂತಿ ಬೇಲಿ, ತುಕ್ಕು ಹಿಡಿದ ಗೇಟು, 'ಅತಿಕ್ರಮ ಪ್ರವೇಶ ಶಿಕ್ಷಾರ್ಹ' ಎಂಬ ಬೋರ್ಡು. ಅದನ್ನು ಮಕ್ಕಳ ಆಟಕ್ಕೆ ಬಿಡಬೇಕೇ, ಅಂಗನವಾಡಿ ಕಟ್ಟಬೇಕೇ, ಯಾವುದಾದರೂ ಟ್ರಸ್ಟಿಗೆ ಗುತ್ತಿಗೆ ಕೊಡಬೇಕೇ? ಬೆಂಗಳೂರಿನಲ್ಲಿ ಇದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರವಿಲ್ಲ. ಬಡಾವಣೆ ಮಾಡಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆದರೆ ಒಂದು ಉತ್ತರ, ಗೃಹ ನಿರ್ಮಾಣ ಸಹಕಾರ ಸಂಘವಾದರೆ ಇನ್ನೊಂದು, ಕೃಷಿ ಜಮೀನನ್ನೇ ಸೈಟು ಮಾಡಿ ಮಾರಿದ ರೆವಿನ್ಯೂ ಬಡಾವಣೆಯಾದರೆ ಮತ್ತೊಂದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದ ಮೇಲೆ, ಕಡತ ಯಾವ ಕಚೇರಿಯಲ್ಲಿದೆ ಎಂಬುದೂ ಇದಕ್ಕೆ ಸೇರಿಕೊಂಡಿದೆ.

ಮೊದಲು ಎರಡು ಹೆಸರುಗಳ ವ್ಯತ್ಯಾಸ ತಿಳಿದುಕೊಂಡರೆ ಮುಂದಿನದು ಸುಲಭ. ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಕಾಣುವುದು ಪಾರ್ಕ್ ಮತ್ತು ಆಟದ ಮೈದಾನ. ಅದರ ಪಕ್ಕದಲ್ಲೇ ಬರುವ ಇನ್ನೊಂದು ಬಗೆಯ ಜಾಗ ನಾಗರಿಕ ಸೌಲಭ್ಯ ನಿವೇಶನ, ಅಂದರೆ ಎಲ್ಲರ ಬಾಯಲ್ಲಿರುವ ಸಿಎ ಸೈಟು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ 15 ಭಾಗ ಪಾರ್ಕ್ ಮತ್ತು ಮೈದಾನಕ್ಕೆ, ಅದರ ಮೇಲೆ ಇನ್ನೂ ಕನಿಷ್ಠ ಶೇ 10 ಭಾಗ ನಾಗರಿಕ ಸೌಲಭ್ಯಕ್ಕೆ ಮೀಸಲಿಡಬೇಕು. ಸಿಎ ಸೈಟಿನಲ್ಲಿ ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಹಾಲಿನ ಬೂತು, ನ್ಯಾಯಬೆಲೆ ಅಂಗಡಿ, ಗ್ರಂಥಾಲಯ, ಪೊಲೀಸ್ ಠಾಣೆ ಬರಬಹುದು. ನೋಂದಾಯಿತ ಸಂಘ ಅಥವಾ ಟ್ರಸ್ಟ್ ನಡೆಸುವ ಶೈಕ್ಷಣಿಕ, ಧಾರ್ಮಿಕ, ಸಾಂಸ್ಕೃತಿಕ ಕೇಂದ್ರವೂ ಬರಬಹುದು. ಪಾರ್ಕಿನಲ್ಲಿ ಇವ್ಯಾವುವೂ ಬರುವಂತಿಲ್ಲ. ಐವತ್ತು ವರ್ಷಗಳಿಂದ ಜಗಳವೆಲ್ಲ ನಡೆದಿರುವುದು ಈ ಎರಡರ ನಡುವಿನ ಗೆರೆಯ ಮೇಲೆ.

ಅದಕ್ಕೂ ಹಿಂದಿನದನ್ನು ಚುಟುಕಾಗಿ ಹೇಳಿಬಿಡಬಹುದು. 1862ರಲ್ಲಿ ಪೇಟೆಗೊಂದು, ದಂಡಿಗೆ ಅಂದರೆ ಕಂಟೋನ್ಮೆಂಟಿಗೊಂದು ಮುನಿಸಿಪಾಲಿಟಿ. 1898ರ ಪ್ಲೇಗಿನ ಬಳಿಕ ಮಲ್ಲೇಶ್ವರ, ಬಸವನಗುಡಿಗಳ ಬೆಳವಣಿಗೆ. 1945ರ ಕಾಯ್ದೆಯಡಿ ಊರು ವಿಸ್ತರಿಸಲು ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ. 1949ರಲ್ಲಿ ಎರಡೂ ಮುನಿಸಿಪಾಲಿಟಿ ಸೇರಿ ಬೆಂಗಳೂರು ಕಾರ್ಪೊರೇಷನ್. ಈ ನಡುವೆ ಧರ್ಮಾಂಬುಧಿ ಕೆರೆಯ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಎರಡೂ ಸಾರ್ವಜನಿಕ ಉಪಯೋಗವೇ, ನಿಜ. ಎಲ್ಲರದೂ ಆಗಿದ್ದ ಜಾಗವನ್ನು ಎಲ್ಲರಿಗೂ ಬೇಕಾದ ಇನ್ನೊಂದಕ್ಕೆ ತಿರುಗಿಸುವುದು ಬೆಂಗಳೂರಿಗೆ ಹೊಸದಲ್ಲ ಎಂಬುದಷ್ಟೇ ಇಲ್ಲಿನ ಮಾತು.

1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ ಬಂತು. ಕಥೆ ಶುರುವಾಗುವುದೂ ಅದೇ ವರ್ಷ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಅಂದರೆ ಇಂದಿನ ಸದಾಶಿವನಗರದ ಕಡೆ. ಅಲ್ಲಿ ಸಿಐಟಿಬಿ ನಕ್ಷೆಯಲ್ಲಿ ತಗ್ಗು ಪಾರ್ಕ್ ಎಂದು ಗುರುತಿಸಿದ್ದ ಬಯಲು ಜಾಗವೊಂದಿತ್ತು. ಅದನ್ನು ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ಕೊಡುವಂತೆ ಸರ್ಕಾರದ ಮೇಲ್ಮಟ್ಟದಿಂದ ಆದೇಶವಾಯಿತು; ಪ್ರಾಧಿಕಾರ ಹಂಚಿಕೆ ಮಾಡಿತು. ಕಟ್ಟಡದ ಕೆಲಸದ ಸುಳಿವು ಸಿಕ್ಕಿದ ಮೇಲೆ ನಿವಾಸಿಗಳು ಹೈಕೋರ್ಟಿಗೆ ಹೋದರು.

ಈ ಮೊಕದ್ದಮೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಮೇಲಿನ ಎಲ್ಲ ವಾದಗಳೂ ಇದರಲ್ಲಿ ಮೊದಲೇ ಬಂದುಹೋಗಿವೆ. ಹೈಕೋರ್ಟಿನ ಏಕಸದಸ್ಯ ಪೀಠ ನಿವಾಸಿಗಳ ಅರ್ಜಿಯನ್ನು ತಳ್ಳಿಹಾಕಿತು: ಆಸ್ಪತ್ರೆಯೂ ನಾಗರಿಕ ಸೌಲಭ್ಯವೇ, ಪಾರ್ಕಿನ ಜಾಗ ಇನ್ನೊಂದು ಸೌಲಭ್ಯಕ್ಕೆ ಹೋದರೆ ತಪ್ಪೇನು ಎಂಬ ದಾರಿಯಲ್ಲಿ. ಸಾಮಾನ್ಯರಿಗೂ ಒಪ್ಪಿಗೆಯಾಗುವ ಮಾತು ಅದು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ, ಹಂಚಿಕೆ ರದ್ದಾಯಿತು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಥಾಮ್ಮನ್ ಮತ್ತು ಸಹಾಯ್ ಅವರ ಪೀಠ ನಿವಾಸಿಗಳ ಪರ ತೀರ್ಪು ಕೊಟ್ಟಿತು.

ಆ ತೀರ್ಪಿನ ಸಾರ ಹೀಗಿದೆ. ಬಡಾವಣೆಯ ಯೋಜನೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗ ಮಿಕ್ಕಿ ಉಳಿದ ಜಾಗವಲ್ಲ. ಕಿಕ್ಕಿರಿದ ನಗರದಲ್ಲಿ ಜನರ ಆರೋಗ್ಯ ಕಾಯಲೆಂದೇ ಅದನ್ನು ಹಾಗೆ ಬಿಟ್ಟಿರುತ್ತಾರೆ. ಖಾಸಗಿ ಆಸ್ಪತ್ರೆಯಿಂದ ಊರಿಗೆ ಎಷ್ಟೇ ಉಪಕಾರವಾದರೂ ಅದು ಪಾರ್ಕಿನ ಬದಲಿಗೆ ನಿಲ್ಲಲಾರದು. ಕಾಯ್ದೆ ಯೋಜನೆ ಬದಲಿಸುವ ಅಧಿಕಾರವನ್ನು ಪ್ರಾಧಿಕಾರಕ್ಕೆ ಕೊಟ್ಟಿದೆ. ಪ್ರಾಧಿಕಾರ ತಾನೇ ಯೋಚಿಸಿ ತೀರ್ಮಾನಿಸಬೇಕೇ ಹೊರತು ಮೇಲಿನಿಂದ ಬಂದ ಆದೇಶಕ್ಕೆ ಸಹಿ ಹಾಕುವುದಲ್ಲ. ಜಾಗದ ಅಕ್ಕಪಕ್ಕ ವಾಸವಿರುವವರಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ. ಒಂದು ಪಾರ್ಕನ್ನು ಉಳಿಸಿಕೊಳ್ಳಲು 1976ರಿಂದ 1991ರವರೆಗೆ ಕಾಯಬೇಕಾಯಿತು. ನಿವಾಸಿಗಳ ಸಂಘಗಳು ಇಂದಿಗೂ ವಕೀಲರ ಬಳಿ ಹೋದಾಗ ಮೊದಲು ಕೇಳುವ ಹೆಸರು ಇದೇ ಮೊಕದ್ದಮೆಯದು.

ಈ ಹದಿನೈದು ವರ್ಷಗಳ ನಡುವೆಯೇ ಕಾನೂನೂ ಬಿಗಿಯಾಯಿತು. ಬಿಡಿಎ ಕಾಯ್ದೆಗೆ 38ಎ ಸೆಕ್ಷನ್ ಸೇರಿತು: ಪಾರ್ಕ್, ಮೈದಾನ, ಸಿಎ ಸೈಟಿಗೆಂದು ಮೀಸಲಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ, ಕೊಟ್ಟರೆ ಆ ವಹಿವಾಟೇ ಅಸಿಂಧು. 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಪ್ರತಿ ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಿ ಪ್ರಕಟಿಸಬೇಕು ಎಂಬುದು ಅದರ ತಿರುಳು. 1989ರಲ್ಲಿ ಸಿಎ ಸೈಟು ಹಂಚಿಕೆಗೆ ನಿಯಮಗಳು ಬಂದವು: ಅರ್ಜಿ ಕರೆಯಬೇಕು, ಸಮಿತಿ ನೋಡಬೇಕು, ಮಾರಾಟವಲ್ಲ, ಗುತ್ತಿಗೆ. ಕಾಗದದ ಮೇಲೆ ಇಷ್ಟು ಭದ್ರವಾದ ಬೇಲಿ ಬೇರೆ ಯಾವ ಸಾರ್ವಜನಿಕ ಸ್ವತ್ತಿಗೂ ಇರಲಾರದು.

ಆದರೂ ಜಾಗ ಕರಗುತ್ತಲೇ ಬಂತು. ಹೇಗೆ ಎಂಬುದಕ್ಕೆ ಒಂದು ಕಡತದ ನಡಿಗೆಯನ್ನು ನೋಡಿದರೆ ಸಾಕು. ಮೊದಲಿಗೆ ಒಂದು ಸಂಘದ ಮನವಿ: ಮೈದಾನದಲ್ಲಿ ಕಸ ಬೀಳುತ್ತಿದೆ, ರಾತ್ರಿ ಕುಡುಕರ ಕಾಟ, ನಿರ್ವಹಣೆಯನ್ನು ನಮಗೆ ವಹಿಸಿ. ಸುಳ್ಳೇನಲ್ಲ. ಅದರ ಜೊತೆಗೊಂದು ಶಿಫಾರಸು ಪತ್ರ. ಗುಮಾಸ್ತರ ಟಿಪ್ಪಣಿ, ಎಂಜಿನಿಯರ್ ವರದಿ, 'ಸ್ಥಳೀಯ ಸಾರ್ವಜನಿಕರ ಹಿತದೃಷ್ಟಿಯಿಂದ' ಎಂಬ ಒಂದು ಸಾಲು. ಕೌನ್ಸಿಲ್ ಸಭೆಯ ವಿಷಯಪಟ್ಟಿಯಲ್ಲಿ ಅದು ತೀರಾ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಸದಸ್ಯರು ಗುಂಡಿ ಬಿದ್ದ ರಸ್ತೆ, ಕಸದ ಟೆಂಡರು, ಬಿಲ್ಲು ಬಾಕಿಯ ಮೇಲೆ ಕೂಗಾಡಿ ದಣಿದಿರುತ್ತಾರೆ. ಮಿಕ್ಕ ವಿಷಯಗಳು ಒಟ್ಟಿಗೇ ಅಂಗೀಕಾರ. ಮೊದಲ ವರ್ಷ ಬೇಲಿ. ಆಮೇಲೆ ಸಾಮಾನು ಇಡಲು ಶೀಟಿನ ಕೊಠಡಿ. ಆಮೇಲೆ ಕ್ರಿಕೆಟ್ ಕೋಚಿಂಗಿಗೆ ಬಲೆ, ತಿಂಗಳ ಶುಲ್ಕ, ಗೇಟಿಗೆ ಬೀಗ. ಓಣಿಯ ಹುಡುಗರು ಚೆಂಡು ಹಿಡಿದು ರಸ್ತೆಗೆ ಬರುತ್ತಾರೆ. ಇಷ್ಟರಲ್ಲಿ ಯಾವ ಹಂತದಲ್ಲೂ ಯಾರೂ ಜಾಗ ಕದ್ದಿಲ್ಲ. ನಿರ್ವಹಣೆ ಕೊಟ್ಟರು, ನವೀಕರಿಸಿದರು, ಹಿಂದಕ್ಕೆ ಕೇಳುವುದನ್ನು ಮರೆತರು. ಗುತ್ತಿಗೆಯ ಅವಧಿ ಮುಗಿದ ದಿನ ಯಾವ ಮೇಜಿನ ಮೇಲೂ ಗಂಟೆ ಬಾರಿಸುವುದಿಲ್ಲವಲ್ಲ.

ಹಾಗೆ ನೋಡಿದರೆ ನಗರದಲ್ಲಿ ಪಾರ್ಕ್, ಮೈದಾನಗಳ ಜಾಗ ತಿಂದಿರುವುದರಲ್ಲಿ ಕೆಟ್ಟ ಕೆಲಸಗಳ ಪಾಲೆಷ್ಟೋ ಒಳ್ಳೆಯ ಕೆಲಸಗಳ ಪಾಲೂ ಅಷ್ಟೇ. ಬೋರ್‌ವೆಲ್‌ನ ಪಂಪ್ ಮನೆ, ನೀರಿನ ಟ್ಯಾಂಕು, ಶುದ್ಧ ಕುಡಿಯುವ ನೀರಿನ ಘಟಕ, ಒಣಕಸ ಸಂಗ್ರಹ ಕೇಂದ್ರ, ಬಯಲು ರಂಗಮಂದಿರ, ಯಾರದೋ ಪ್ರತಿಮೆ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ವಾರ್ಡಿಗೊಂದರಂತೆ ಬೇಗ ಜಾಗ ಬೇಕಿತ್ತು. ಕೆಲವೆಡೆ ಪಾರ್ಕಿನ, ಮೈದಾನದ ಅಂಚಿನ ಮೇಲೆ ಕಣ್ಣು ಬಿದ್ದು ನಿವಾಸಿಗಳು ಎದುರು ನಿಂತರು. ಹಸಿದವರ ಊಟಕ್ಕೆ ಅಡ್ಡ ಬಂದವರು ಎಂಬ ಹೆಸರು ಅವರಿಗೆ ಬಂತು. ಅನ್ನವೋ ಹಸಿರೋ ಎಂದು ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದು, ಕ್ಯಾಂಟೀನಿಗೆ ಬೇರೆ ಜಾಗವನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳದ ವ್ಯವಸ್ಥೆ. ಸಿಎ ಸೈಟುಗಳು ಇರುವುದು ಇಂಥ ಕೆಲಸಕ್ಕೇ. ಆದರೆ ಅವು ಬಿಡಿಎ ಕೈಯಲ್ಲಿದ್ದವು, ಕ್ಯಾಂಟೀನು ಪಾಲಿಕೆಯ ಹೊಣೆಯಾಗಿತ್ತು.

ದೇವಸ್ಥಾನ, ದರ್ಗಾ, ಶಿಲುಬೆ ಕಟ್ಟೆಗಳ ವಿಷಯ ಇನ್ನೂ ಸೂಕ್ಷ್ಮ. ರಸ್ತೆ, ಪಾರ್ಕು ಮತ್ತಿತರ ಸಾರ್ವಜನಿಕ ಜಾಗಗಳಲ್ಲಿ ಅನಧಿಕೃತ ಧಾರ್ಮಿಕ ಕಟ್ಟಡಗಳಿಗೆ ಅವಕಾಶ ಕೊಡಬಾರದೆಂದು 2009ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಹಳೆಯವುಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಲು ಹೇಳಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ದೇವಸ್ಥಾನವೊಂದನ್ನು ಕೆಡವಿದಾಗ ಎದ್ದ ಗದ್ದಲದ ಬೆನ್ನಿಗೆ, ಆಗಲೇ ಇರುವ ಕಟ್ಟಡಗಳನ್ನು ರಕ್ಷಿಸಲು ರಾಜ್ಯ ಕಾಯ್ದೆಯನ್ನೇ ತಂದಿತು. ಪಾಲಿಕೆ ಅಧಿಕಾರಿಗಳಿಗೆ ಆಮೇಲೆ ಆ ಕಡತಗಳನ್ನು ಮುಟ್ಟುವ ಉಮೇದು ಉಳಿದಿಲ್ಲ; ಅದಕ್ಕೆ ಅವರನ್ನು ದೂರಿ ಪ್ರಯೋಜನವೂ ಇಲ್ಲ.

ಇನ್ನು ಊರ ಹೊರಗಿನ ಮಾತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಸೇರಿದ ಭಾಗಗಳಲ್ಲಿ ರೆವಿನ್ಯೂ ಬಡಾವಣೆಗಳೇ ಹೆಚ್ಚು. ಕೃಷಿ ಜಮೀನನ್ನು ಸೈಟು ಮಾಡಿ ಮಾರಿದವರು ಶೇ 15ರ ಲೆಕ್ಕ ಹಾಕುವವರಲ್ಲ. ಜಯನಗರದಲ್ಲಿ ಪಾರ್ಕ್ ಉಳಿಸಿ ಎಂದು ಹೋರಾಡುತ್ತಾರೆ. ಇಲ್ಲಿ ಉಳಿಸಲು ಪಾರ್ಕೇ ಇರಲಿಲ್ಲ. ಉಳಿದಿದ್ದು ಗೋಮಾಳ, ಗುಂಡುತೋಪು, ಕೆರೆಯಂಗಳ, ಅವುಗಳ ಯಜಮಾನಿಕೆ ಕಂದಾಯ ಇಲಾಖೆಯದು. ಹೀಗೆ ಒಂದೇ ನಗರದಲ್ಲಿ ತೆರೆದ ಜಾಗಕ್ಕೆ ಮೂವರು ವಾರಸುದಾರರಾದರು: ಬಿಡಿಎ, ಪಾಲಿಕೆ, ಕಂದಾಯ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳು ತೋಟಗಾರಿಕೆ ಇಲಾಖೆಯವು, ಅವುಗಳಿಗೆ 1975ರ ಬೇರೆಯದೇ ಕಾಯ್ದೆ.

ಹಾಗಾದರೆ ಜನರಿಂದ ಆಯ್ಕೆಯಾದ ಕೌನ್ಸಿಲ್ ಏನು ಮಾಡುತ್ತಿತ್ತು? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ 18 ವಿಷಯಗಳ ಪಟ್ಟಿ ಕೊಟ್ಟಿದೆ. ಪಾರ್ಕ್, ಉದ್ಯಾನ, ಆಟದ ಮೈದಾನ ಅದರಲ್ಲಿವೆ. ಆದರೆ ಕೌನ್ಸಿಲ್ಲೇ ಇಲ್ಲದ ವರ್ಷಗಳನ್ನು ಎಣಿಸಿ ನೋಡಿ. 2006ರ ಕೊನೆಯಿಂದ 2010ರವರೆಗೆ ಇಲ್ಲ. 2015ರಲ್ಲಿ ಕೆಲವು ತಿಂಗಳು ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿ ನಗರ. ಕೌನ್ಸಿಲ್ ಇದ್ದಾಗಲೂ ಅದು ಹರಿಶ್ಚಂದ್ರರ ಸಭೆಯಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಅಲ್ಲೊಂದು ವಿಷಯಪಟ್ಟಿ ಇರುತ್ತಿತ್ತು, ಪತ್ರಕರ್ತರು ಕೂತಿರುತ್ತಿದ್ದರು, ವಿರೋಧ ಪಕ್ಷದ ಯಾರಾದರೂ ಎದ್ದು 'ಈ ಜಾಗ ಯಾರಿಗೆ ಕೊಡ್ತಿದ್ದೀರಿ?' ಎಂದು ಕೇಳುವ ಸಂಭವವಾದರೂ ಇತ್ತು. ಆಡಳಿತಾಧಿಕಾರಿಯ ನಿರ್ಣಯಕ್ಕೆ ಎದುರು ಕೂತು ಕೇಳುವವರಿಲ್ಲ. ಗೊತ್ತಾಗುವುದು ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಮೇಲೆ. ಹಣದ ಮುಗ್ಗಟ್ಟಿನಲ್ಲಿ ಕೆ.ಆರ್. ಮಾರುಕಟ್ಟೆಯಂಥ ಪಾಲಿಕೆ ಸ್ವತ್ತುಗಳನ್ನು ಅಡವಿಟ್ಟು ಸಾಲ ತಂದ ಸಂಗತಿಯೂ ಬಹುತೇಕರಿಗೆ ಗೊತ್ತಾದದ್ದು ಪತ್ರಿಕೆಗಳಲ್ಲಿ ಬಂದಾಗಲೇ.

ವಾರ್ಡ್ ಸಮಿತಿಗಳದು ಇದೇ ದಾರಿಯ ಚಿಕ್ಕ ಅಧ್ಯಾಯ. ಹೈಕೋರ್ಟ್ ಕಸದ ಮೊಕದ್ದಮೆಯಲ್ಲಿ ಒತ್ತಾಯಿಸಿದ ಮೇಲೆ ತಿಂಗಳಿಗೊಮ್ಮೆ ಸಭೆ ಶುರುವಾದವು. ಕೆಲವು ವಾರ್ಡುಗಳಲ್ಲಿ ಚೆನ್ನಾಗಿ ನಡೆದವು, ಹಲವೆಡೆ ಫೋಟೋಗೆ ನಡೆದವು. ಚೆನ್ನಾಗಿ ನಡೆದ ಕಡೆ ಖಾಲಿ ಜಾಗಗಳನ್ನು ಜನರೇ ಪಟ್ಟಿ ಮಾಡಿದರು. 1985ರ ಕಾಯ್ದೆ ಸ್ಥಳೀಯ ಸಂಸ್ಥೆಗೆ ಹೇಳಿದ್ದ ಕೆಲಸ ಅದು.

2025ರ ಮೇನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರವೊಂದು ಮೇಲೆ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆ. ಸಾವಿರಕ್ಕೂ ಹೆಚ್ಚು ಪಾರ್ಕುಗಳು, ಮೈದಾನಗಳು, ಮಾರುಕಟ್ಟೆ ಮಳಿಗೆಗಳು ಈ ಐದಕ್ಕೆ ಹಂಚಿಕೆಯಾಗಬೇಕು. ನೌಕರರ, ವಾಹನಗಳ, ಸಾಲದ ಪಾಲು ಮಾಡುವುದು ಸುಲಭ, ಅವುಗಳ ಲೆಕ್ಕ ಇದೆ. ಗುತ್ತಿಗೆ ಮುಗಿದರೂ ಬಿಡದ ಮೈದಾನ, ನಕ್ಷೆಯಲ್ಲಿದ್ದು ನೆಲದ ಮೇಲಿಲ್ಲದ ಪಾರ್ಕ್, ಬಿಡಿಎಯಿಂದ ಹಸ್ತಾಂತರವೇ ಆಗದ ಬಡಾವಣೆಯ ತೆರೆದ ಜಾಗ, ಇವು ಯಾವ ಪಾಲಿಕೆಯ ಆಸ್ತಿ ವಹಿಗೆ ಯಾವ ಹೆಸರಿನಲ್ಲಿ ಏರುತ್ತವೆ ಎಂಬುದನ್ನು ನಿವಾಸಿಗಳು ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ಹಿಂದಿನ ನಕ್ಷೆಯ ದೃಢೀಕೃತ ಪ್ರತಿಗೆ ಬಿಡಿಎಯಲ್ಲೂ ಪಾಲಿಕೆಯಲ್ಲೂ ಅರ್ಜಿ ಹಾಕಬಹುದು. ವಹಿಯಲ್ಲಿ ಒಮ್ಮೆ 'ಕಟ್ಟಡ' ಎಂದು ನಮೂದಾದ ಜಾಗವನ್ನು ಮತ್ತೆ 'ಉದ್ಯಾನ' ಎಂದು ತಿದ್ದಿಸಲು ಕೋರ್ಟಿಗೇ ಹೋಗಬೇಕಾಗಬಹುದು.