ಕೆಳಗಿನ ಸಾಲು ಓದದೆ ಕಳಿಸಿದ ಮೇಲ್

ಹೋದ ಮಳೆಗಾಲದಲ್ಲಿ ನನಗೊಂದು ಮೇಲ್ ಬಂತು. ಪರಿಚಯದ ಕೊಡವ ಮನೆತನವೊಂದರ ಮೂಲಮನೆಯಾದ ಐನ್‌ಮನೆಯ ಮಾಡು ಸೋರುತ್ತಿದೆ, ರಿಪೇರಿಗೆ ಕೈಲಾದಷ್ಟು ಹಣ ಕಳಿಸಿ ಅಂತ ಮನವಿ. ಮನವಿ ಇದ್ದದ್ದು ನಾಲ್ಕು ಸಾಲು. ಅದನ್ನು ತಲುಪಲು ಫೋನಿನ ಪರದೆಯನ್ನು ಎಂಟು ಸಲ ಮೇಲೆ ಸರಿಸಬೇಕಾಯಿತು. ದಾರಿಯುದ್ದಕ್ಕೂ ಬರೀ ವಿಳಾಸಗಳು. ಸೈನ್ಯದಲ್ಲಿ ಇರುವವರದ್ದು, ದುಬೈನಲ್ಲಿ ಇರುವವರದ್ದು, ಮೈಸೂರಿನ ಕಾಲೇಜು ಮೇಷ್ಟರದ್ದು. ಅವರಲ್ಲಿ ಒಬ್ಬರೂ ತಮ್ಮ ವಿಳಾಸವನ್ನು ನನಗೆ ಕೊಟ್ಟವರಲ್ಲ. ಕೊನೆಯಲ್ಲಿ ಒಂದು ಬ್ಯಾಂಕ್ ಖಾತೆ ಸಂಖ್ಯೆ. ಮನವಿಗೆ ತಾರೀಕು ಇಲ್ಲ.

ಹೀಗೆ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುತ್ತಾ ಬರುವ ಮೇಲ್ ಎಲ್ಲರಿಗೂ ಸಿಗುತ್ತದೆ. ನಾವೂ ಕಳಿಸುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತೇವೆ. ಆದರೂ ಇದು ಇಷ್ಟು ಗೋಜಲಾದದ್ದು ಹೇಗೆ ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಇಮೇಲಿಗಿಂತ ಮೊದಲು ಪೋಸ್ಟ್ ಕಾರ್ಡ್ ಇತ್ತು. 'ದೇವರ ಹೆಸರಿನಲ್ಲಿ ಇದನ್ನು ಇಷ್ಟು ಜನರಿಗೆ ಬರೆಯಿರಿ, ಬರೆಯದಿದ್ದರೆ ಕೆಡುಕಾಗುತ್ತದೆ' ಅಂತ ಬರುತ್ತಿದ್ದ ಕಾರ್ಡ್ ಹಿರಿಯರಿಗೆ ನೆನಪಿರುತ್ತದೆ. ಹೆದರಿದವರು ಕೂತು ಬರೆಯುತ್ತಿದ್ದರು. ಕಾರ್ಡಿಗೆ ದುಡ್ಡು, ಕೈಗೆ ನೋವು. ಆ ನೋವೇ ಒಂದು ತಡೆಯಾಗಿತ್ತು. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು, 1995ರ ಆಗಸ್ಟ್ 15ರಂದು ಸರ್ಕಾರದ ಟೆಲಿಕಾಂ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಇಂಟರ್ನೆಟ್ ತೆರೆಯಿತು, ಮರುವರ್ಷ ಹಾಟ್‌ಮೇಲ್ ಪುಕ್ಕಟೆ ಮೇಲ್ ಕೊಟ್ಟಿತು. ತಡೆ ಹೋಯಿತು.

ಹೋದಾಗ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಒಬ್ಬ ಹುಡುಗನ ಕಥೆ ಸಾಕು. ಅವನಿಗೆ ಮೆದುಳಿನಲ್ಲಿ ಗಡ್ಡೆ. 1989ರಲ್ಲಿ ಅವನಿಗಾಗಿ ಹಾರೈಕೆಯ ಕಾರ್ಡ್ ಕಳಿಸಿ ಅಂತ ಮನವಿ ಹೊರಟಿತು. 1991ರಲ್ಲಿ ಆಪರೇಷನ್ ಆಯಿತು, ಹುಡುಗ ಹುಷಾರಾದ. ಕಾರ್ಡ್ ಸಾಕು ಅಂತ ಮನೆಯವರು ಕೇಳಿಕೊಂಡರು. ಮನವಿ ಮಾತ್ರ ನಿಲ್ಲಲಿಲ್ಲ. ಇಮೇಲ್ ಹತ್ತಿಕೊಂಡು ವರ್ಷಗಟ್ಟಲೆ ಸುತ್ತಿತು. ಅವನು ದೊಡ್ಡವನಾದ ಮೇಲೂ ಓದುವವರ ಕಣ್ಣಿಗೆ ಅವನು ಸಾಯುತ್ತಿರುವ ಮಗುವೇ. ಮೊದಲ ಪತ್ರದಲ್ಲಿ ಸುಳ್ಳಿರಲಿಲ್ಲ. ಹಳೆಯದಾಗಿದೆ ಅಂತ ಹೇಳುವ ಗುರುತು ಅದರಲ್ಲಿ ಇರಲಿಲ್ಲ, ಅಷ್ಟೇ.

ವೈರಸ್ ಬಂದದ್ದೂ ಇದೇ ದಾರಿಯಲ್ಲಿ. 1999ರ ಮೆಲಿಸಾ, ಒಬ್ಬರ ವಿಳಾಸ ಪುಸ್ತಕದ ಮೊದಲ 50 ಜನರಿಗೆ ತಾನೇ ಹೋಗುತ್ತಿತ್ತು. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಅಂತ ಬಂದದ್ದೂ ಪರಿಚಯದವರ ಹೆಸರಲ್ಲೇ. ಗೊತ್ತಿದ್ದವರು ಕಳಿಸಿದ್ದಾರೆ, ತೆರೆಯಬಹುದು ಅನ್ನುವ ನಂಬಿಕೆ ಆಗಲೇ ಮುರಿಯಬೇಕಿತ್ತು. ಇವತ್ತಿಗೂ ಮುರಿದಿಲ್ಲ.

ಕೊಡಗಿನಲ್ಲಿ ಇದು ಬೇರು ಬಿಟ್ಟ ರೀತಿ ಸ್ವಲ್ಪ ಬೇರೆ. ನಾನು ಹತ್ತಿರದಿಂದ ನೋಡಿದ್ದು ಇದನ್ನೇ.

ಇಲ್ಲಿನ ಬಹಳ ಮನೆಗಳ ಮಕ್ಕಳು ಊರಲ್ಲಿಲ್ಲ. ಅದರ ಜೊತೆಗೆ ಜಮ್ಮಾ ಜಾಗದ, ಅಂದರೆ ಮನೆತನಕ್ಕೆ ತಲೆಮಾರುಗಳಿಂದ ಬಂದ ಭೂಮಿಯ ವಿಷಯ. ಪಹಣಿಯಲ್ಲಿ ಮನೆತನದ ಯಜಮಾನರಾದ ಪಟ್ಟೆದಾರರ ಹೆಸರಿರುತ್ತದೆ, ಹಕ್ಕು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಸಾಲಕ್ಕೋ ಪಾಲಿಗೋ ಏನಾದರೂ ಕಾಗದ ಆಗಬೇಕೆಂದರೆ ಎಲ್ಲರನ್ನೂ ಕೇಳಬೇಕು. ಮೊದಲು ಸುಗ್ಗಿಯ ಹಬ್ಬ ಹುತ್ತರಿಗೆ ಎಲ್ಲರೂ ಸೇರಿದಾಗ ಐನ್‌ಮನೆಯ ಜಗಲಿಯಲ್ಲಿ ಆ ಮಾತು ಆಗುತ್ತಿತ್ತು. ಸುಮಾರು 2000ದ ನಂತರ ಆ ಜಗಲಿ ಮೇಲ್‌ಗೆ ಬಂತು. ಮಡಿಕೇರಿಯ ಸೈಬರ್ ಕೆಫೆಯಲ್ಲಿ ಪಹಣಿ ಸ್ಕ್ಯಾನ್ ಮಾಡಿಸಿ, ಮಳೆಗೆ ಲೈನ್ ಹೋಗುವ ಮೊದಲು ಕಳಿಸಿಬಿಡಬೇಕು ಅಂತ ಓಡುತ್ತಿದ್ದ ಹಿರಿಯರನ್ನು ನೋಡಿದ್ದೇನೆ. ಪುಣೆಯವರು ಒಪ್ಪಿ ದುಬೈಗೆ ಫಾರ್ವರ್ಡ್, ದುಬೈಯವರು ಬೆಂಗಳೂರಿಗೆ, ಅಲ್ಲಿಂದ ವಕೀಲರಿಗೆ. ಒಂದೊಂದು ಮೇಲ್‌ನ ಹೊಟ್ಟೆಯಲ್ಲಿ ಹತ್ತಿಪ್ಪತ್ತು ಮೇಲ್.

ಜಗಲಿಯ ಮಾತಿಗೆ ಒಂದು ಮರ್ಯಾದೆ ಇತ್ತು. ಹೊರಗಿನವರು ಬಂದರೆ ಮಾತು ನಿಲ್ಲುತ್ತಿತ್ತು. ಮೇಲ್‌ನಲ್ಲಿ ಹೊರಗಿನವರು ಬಂದಿದ್ದು ಗೊತ್ತೇ ಆಗುವುದಿಲ್ಲ.

ನಮ್ಮ ಸಂಬಂಧಿಕರಲ್ಲೇ ಒಂದು ಮನೆ. ಮೂವರು ಅಣ್ಣ ತಮ್ಮಂದಿರು. ತಂದೆ ದುಡಿದು ಕೊಂಡಿದ್ದ ಕಾಫಿ ತೋಟದ ಒಂದು ತುಂಡು ಮಾರಲು ಹೊರಟರು. ರೇಟು ಎಷ್ಟು ಹೇಳಬೇಕು ಅಂತ ತಿಂಗಳುಗಟ್ಟಲೆ ಮೇಲ್‌ನಲ್ಲೇ ಮಾತಾಡಿಕೊಂಡರು. ಕೊನೆಯವರು ಒಂದು ಕಡೆ ಬರೆದಿದ್ದರು: 'ಇಷ್ಟಕ್ಕೆ ಇಳಿದರೂ ಕೊಟ್ಟುಬಿಡೋಣ, ನನಗೆ ಹಣದ ಅರ್ಜೆಂಟ್ ಇದೆ.' ಆಮೇಲೆ ಅದೇ ಮೇಲ್‌ಗಳ ಸಾಲಿನಲ್ಲಿ ಸರ್ವೆ ನಕ್ಷೆ ಬಂತು. ಕೊಳ್ಳುವವರು ನಕ್ಷೆ ಕೇಳಿದರು. ದೊಡ್ಡವರು ಆ ಕೊನೆಯ ಮೇಲನ್ನು ಹಾಗೇ ಫಾರ್ವರ್ಡ್ ಮಾಡಿದರು. ಮರುದಿನ ಬೆಳಿಗ್ಗೆ ಕೊಳ್ಳುವವರು ಫೋನ್ ಮಾಡಿ ಸರಿಯಾಗಿ ಅದೇ ರೇಟು ಹೇಳಿದರು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಸಂಜೆ ಮೇಲನ್ನು ಕೆಳಗಿನವರೆಗೆ ಓದಿದಾಗ ಗೊತ್ತಾಯಿತು. ಹಣದ ನಷ್ಟ ಹೇಗೋ ಸಹಿಸಿಕೊಂಡರು. ತನ್ನ ಕಷ್ಟ ಊರವರಿಗೆ ಗೊತ್ತಾಯಿತಲ್ಲ ಅನ್ನುವುದನ್ನು ಕೊನೆಯವರಿಗೆ ತಡೆಯಲಾಗಲಿಲ್ಲ. ಆ ವರ್ಷ ಅವರು ಹುತ್ತರಿಗೆ ಬರಲಿಲ್ಲ.

ದೊಡ್ಡವರನ್ನು ದೂರುವುದು ಸುಲಭ. ಆದರೆ ಫೋನಿನ ಸಣ್ಣ ಪರದೆಯಲ್ಲಿ ಹಳೆಯ ಮಾತು ಕೆಳಗೆಲ್ಲೋ ಇರುತ್ತದೆ. ಕೆಲವು ಆ್ಯಪ್ ಅದನ್ನು ಮೂರು ಚುಕ್ಕಿಯ ಹಿಂದೆ ಮಡಚಿಡುತ್ತವೆ. ಮತ್ತೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ರಿಪ್ಲೈ ಒತ್ತಿದರೆ ಲಗತ್ತಿಸಿದ ಫೈಲ್ ಸಾಮಾನ್ಯವಾಗಿ ಹೋಗುವುದಿಲ್ಲ. ಫಾರ್ವರ್ಡ್ ಒತ್ತಿದರೆ ಹೋಗುತ್ತದೆ. ಹೋಮ್‌ಸ್ಟೇ ನಡೆಸುವವರು ಬುಕಿಂಗ್ ಮೇಲನ್ನು ಜೀಪಿನವರಿಗೆ ಫಾರ್ವರ್ಡ್ ಮಾಡುವಾಗ, ಅತಿಥಿ ಕಳಿಸಿದ ಆಧಾರ್ ಪ್ರತಿಯೂ ಹಿಂದೆಯೇ ಹೋಗಬಹುದು. ಜೀಪಿನವರಿಗೆ ಬೇಕಿರುವುದು ಹೆಸರು, ಫೋನ್ ನಂಬರ್, ಎಷ್ಟು ಗಂಟೆಗೆ ಬರಬೇಕು, ಅಷ್ಟೇ ಅಲ್ವಾ? ಅದನ್ನು ಹೊಸ ಮೇಲ್‌ನಲ್ಲಿ ಬರೆದರೆ ಒಂದು ನಿಮಿಷದ ಕೆಲಸ.

2018ರ ಆಗಸ್ಟ್‌ನಲ್ಲಿ ಇನ್ನೊಂದು ಮುಖ ಕಂಡಿತು. ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಹೊರಗಿದ್ದವರಿಗೆ ಊರಿನ ಸುದ್ದಿ ಸಿಗುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಫಾರ್ವರ್ಡ್ ಮಾಡಿದರು. ಪರಿಹಾರ ಕೇಂದ್ರವೊಂದಕ್ಕೆ ಏನು ಬೇಕು ಅನ್ನುವ ಪಟ್ಟಿ ನನಗೇ ಮೂರು ಕಡೆಯಿಂದ ಬಂತು. ಕಂಬಳಿ, ಹಳೆ ಬಟ್ಟೆ, ಬಿಸ್ಕತ್ತು. ಫೋನ್ ಸಿಕ್ಕಾಗ ವಿಚಾರಿಸಿದರೆ ಅಲ್ಲಿದ್ದವರು, ಕಂಬಳಿ ಇಡಲು ಜಾಗ ಇಲ್ಲ, ಒಳಉಡುಪು, ಮಾತ್ರೆ ಬೇಕು ಅಂದರು. ಪಟ್ಟಿಗೆ ತಾರೀಕು ಇರಲಿಲ್ಲ. ಇಂಗ್ಲೆಂಡಿನ ಆ ಹುಡುಗನ ಮನವಿಯ ಹಾಗೇ.

ಅದೇ ವರ್ಷ ಜುಲೈನಲ್ಲಿ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕುವುದಾಗಿ ಹೇಳಿತ್ತು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದಕ್ಕೆ ಒಂದೇ ಕಡೆ ಅಂತ ಬಿಗಿ ಮಾಡಿತು. ಇಮೇಲಿಗೆ ಅಂಥ ಬೇಲಿ ಬರಲಿಲ್ಲ. ಬರುವುದೂ ಕಷ್ಟ. ಇಮೇಲ್ ಒಬ್ಬರ ಸ್ವತ್ತಲ್ಲ. ಎಷ್ಟೋ ಕಂಪನಿಗಳ ಯಂತ್ರಗಳು ಒಂದರಿಂದ ಒಂದಕ್ಕೆ ದಾಟಿಸುವ ವ್ಯವಸ್ಥೆ ಅದು. ಹಾಗಾಗಿ ಎಚ್ಚರ ಕಳಿಸುವವರ ಕೈಯಲ್ಲೇ ಉಳಿಯಿತು.

ಇರುವ ಸಾಧನ ಹಳೆಯದೇ. ಬಿಸಿಸಿ (ಬ್ಲೈಂಡ್ ಕಾರ್ಬನ್ ಕಾಪಿ) ಅನ್ನುವ ಖಾನೆ ಇದೆ. ಕಾರ್ಬನ್ ಹಾಳೆಯ ಕಾಲದ ಹೆಸರು. ಅಲ್ಲಿ ಹಾಕಿದ ವಿಳಾಸ ಮಿಕ್ಕವರಿಗೆ ಕಾಣುವುದಿಲ್ಲ. ಹಳೆಯ ವಿಳಾಸಗಳನ್ನು ಅಳಿಸಿ, ಬಿಸಿಸಿಯಲ್ಲಿ ಕಳಿಸಿದರೆ ಅರ್ಧ ತೊಂದರೆ ಕಡಿಮೆ. ಲಾಗಿನ್ ಲಿಂಕ್ ಇರುವ ಮೇಲ್ ಯಾರಿಗೂ ಕಳಿಸಬಾರದು, ಅದು ಬೀಗದ ಕೈ ಕೊಟ್ಟ ಹಾಗೆ. ಒಂದು ಮೇಲ್ ಮೋಸ ಅನ್ನಿಸಿ ತಿಳಿದವರಿಗೆ ತೋರಿಸಬೇಕಾದರೆ, ಲಗತ್ತಾಗಿ ಫಾರ್ವರ್ಡ್ ಮಾಡುವ ಆಯ್ಕೆ ಬಳಸಬೇಕು. ಅದು ಯಾವ ದಾರಿಯಲ್ಲಿ ಬಂತು ಅನ್ನುವ ವಿವರ ಆಗ ಉಳಿಯುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಪ್ಪಿ ಕಳಿಸಿದ್ದನ್ನು ಜಿಮೇಲ್‌ನಲ್ಲಿ ಹಿಂದಕ್ಕೆ ಪಡೆಯಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡ್, ಅದೂ ಸೆಟ್ಟಿಂಗ್‌ನಲ್ಲಿ ಇಟ್ಟುಕೊಂಡಿದ್ದರೆ.

ಫಾರ್ವರ್ಡ್ ಆಗುವ ಮಾತನ್ನು ದಾರಿಯಲ್ಲಿ ಯಾರು ಬೇಕಾದರೂ ತಿದ್ದಬಹುದು. ಒಂದು ಅಂಕಿ ಬದಲಾದರೂ ಗೊತ್ತಾಗುವುದಿಲ್ಲ. ಅದಕ್ಕೇ ಐನ್‌ಮನೆಯ ಮನವಿ ಬಂದಾಗ ನಾನು ಹಣ ಕಳಿಸುವ ಮೊದಲು ಆ ಮನೆಯ ಹಿರಿಯರಿಗೆ ಫೋನ್ ಮಾಡಿ ಖಾತೆ ಸಂಖ್ಯೆ ಓದಿಸಿದೆ. ಸಂಖ್ಯೆ ಸರಿಯಿತ್ತು. ಆದರೆ ಮನವಿ ಎರಡು ವರ್ಷ ಹಳೆಯದು. ಮಾಡಿಗೆ ಹೆಂಚು ಹಾಕಿಸಿ ಆಗಿದೆ, ಈಗ ಹಿಂದಿನ ಗೋಡೆ ಕುಸಿದಿದೆ ಅಂದರು. ಅದಕ್ಕೆ ಬೇರೆ ಮೇಲ್ ಬರೆಯಿರಿ ಅಂದೆ. ಆ ರಾತ್ರಿಯೇ ಬಂತು. ಮೇಲೆ ತಾರೀಕು, ಊರು, ವಿಚಾರಿಸಲು ಒಂದು ಫೋನ್ ನಂಬರ್. ವಿಳಾಸದ ಜಾಗದಲ್ಲಿ ನನ್ನ ಹೆಸರೊಂದೇ ಇತ್ತು.