ಚಾರ್ಲ್ಸ್ ಹಗಿನ್ಸ್: ಕಿಣ್ವದ ಜಾಡು ಹಿಡಿದ ಮೂತ್ರರೋಗ ತಜ್ಞ

ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗಳಿಗೆ ಹರಡಿದೆ ಎಂದು ಖಚಿತವಾದಾಗ ಇಂದು ವೈದ್ಯರು ಮೊದಲು ಕೈಹಾಕುವುದು ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನಿಗೆ. ಕೆಲವು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ವೃಷಣಗಳಲ್ಲಿ ಅದರ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಈ ಚಿಕಿತ್ಸೆಯ ಬೇರು 1941ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಿಂದ ಹೊರಬಂದ ಪ್ರಬಂಧಗಳಲ್ಲಿದೆ. ಅವುಗಳ ಹಿಂದಿದ್ದ ಚಾರ್ಲ್ಸ್ ಹಗಿನ್ಸ್ ಸಂಶೋಧನೆಗೆ ಇಳಿದದ್ದು ಕ್ಯಾನ್ಸರನ್ನು ಹುಡುಕಿಕೊಂಡಲ್ಲ, ಮೂಳೆಯನ್ನು ಹುಡುಕಿಕೊಂಡು.

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ 1901ರಲ್ಲಿ ಹುಟ್ಟಿದ ಹಗಿನ್ಸ್ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ, 1927ರಲ್ಲಿ ಶಿಕಾಗೊದ ಹೊಸ ವೈದ್ಯಕೀಯ ಶಾಲೆಗೆ ಶಸ್ತ್ರಚಿಕಿತ್ಸಕರಾಗಿ ಸೇರಿದರು. ಮೂತ್ರರೋಗ ವಿಭಾಗ ಅವರ ಪಾಲಿಗೆ ಬಂದದ್ದು ವಿಭಾಗದ ಮುಖ್ಯಸ್ಥರ ಅಪೇಕ್ಷೆಯಿಂದ. 1931ರಲ್ಲಿ ಅವರೊಂದು ವಿಚಿತ್ರವನ್ನು ವರದಿ ಮಾಡಿದರು: ಮೂತ್ರಕೋಶದ ಒಳಪೊರೆಯನ್ನು ದೇಹದ ಬೇರೆ ಕಡೆ ಕಸಿ ಮಾಡಿದರೆ ಅಲ್ಲಿ ಮೂಳೆ ಬೆಳೆಯುತ್ತದೆ. ಮೂಳೆ ಹೇಗೆ ರೂಪುಗೊಳ್ಳುತ್ತದೆ ಎಂಬ ಈ ಪ್ರಶ್ನೆಯೇ ಅವರನ್ನು ಮೂಳೆ ಕಟ್ಟುವುದರಲ್ಲೂ ಪಾತ್ರವಿರುವ ಫಾಸ್ಫಟೇಸ್ ಎಂಬ ಕಿಣ್ವಗಳ ಕಡೆಗೆ ಒಯ್ದಿತು. ಪ್ರಾಸ್ಟೇಟ್ ಗ್ರಂಥಿ ಅವುಗಳಲ್ಲೊಂದಾದ ಆಮ್ಲೀಯ ಫಾಸ್ಫಟೇಸ್‌ನ ಗಣಿ. ರೋಗ ಮೂಳೆಗೆ ಹರಡಿದವರ ರಕ್ತದಲ್ಲಿ ಅದರ ಮಟ್ಟ ಏರುತ್ತದೆ ಎಂಬುದನ್ನು ಗುಟ್‌ಮನ್ ದಂಪತಿ 1938ರಲ್ಲಿ ತೋರಿಸಿದ್ದರು. ಹೀಗೆ ಹಗಿನ್ಸ್ ಕೈಗೆ ಒಂದು ಅಳತೆಗೋಲು ಸಿಕ್ಕಿತು. ಅವರ ಸಾಧನೆಯ ತಿರುಳು ಇಲ್ಲಿದೆ ಎಂದು ನಾನು ನಂಬುತ್ತೇನೆ. ಗಡ್ಡೆ ಕುಗ್ಗಿತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ ಅವರು ಅಂಕಿಗಳನ್ನು ಮುಂದಿಟ್ಟರು.

ಪ್ರಯೋಗಕ್ಕೆ ನಾಯಿಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮನುಷ್ಯನಂತೆ ವಯಸ್ಸಾದಾಗ ಪ್ರಾಸ್ಟೇಟ್ ಊದಿಕೊಳ್ಳುವುದು ಸಾಮಾನ್ಯವಾಗಿರುವ ಪ್ರಾಣಿಗಳು ತೀರಾ ಕಡಿಮೆ, ನಾಯಿ ಅವುಗಳಲ್ಲೊಂದು. ಗ್ರಂಥಿಯ ಸ್ರಾವಕ್ಕೆ ಮೂತ್ರ ಬೆರೆಯದಂತೆ ಶಸ್ತ್ರಚಿಕಿತ್ಸೆಯಿಂದ ಪ್ರತ್ಯೇಕಿಸಿ, ಅದನ್ನು ಮತ್ತೆ ಮತ್ತೆ ಸಂಗ್ರಹಿಸಿ ಅಳೆಯುವ ಉಪಾಯವನ್ನು ಅವರು ಕಂಡುಕೊಂಡರು. ವೃಷಣ ತೆಗೆದರೆ ಸ್ರಾವ ಬತ್ತುತ್ತಿತ್ತು, ಟೆಸ್ಟೋಸ್ಟಿರೋನ್ ಕೊಟ್ಟರೆ ಮರಳುತ್ತಿತ್ತು, ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಕೊಟ್ಟರೆ ಮತ್ತೆ ಇಳಿಯುತ್ತಿತ್ತು. ಕೆಲವು ಮುದಿ ನಾಯಿಗಳ ಗ್ರಂಥಿಯಲ್ಲಿ ಗಡ್ಡೆಗಳಿದ್ದವು. ಲೆಕ್ಕ ಕೆಡಿಸುವ ಆ ಗಡ್ಡೆಗಳು ಮೊದಲಿಗೆ ಕಿರಿಕಿರಿಯಾಗಿ ಕಂಡರೂ, ಅವೂ ಹಾರ್ಮೋನಿಗೆ ಮಣಿಯುತ್ತವೆ ಎಂದು ಗೊತ್ತಾದಾಗ ಸಂಶೋಧನೆಯ ದಿಕ್ಕೇ ಬದಲಾಯಿತು.

ಮುಂದಿನ ಹೆಜ್ಜೆ ರೋಗಿಗಳದ್ದು. ಕ್ಲಾರೆನ್ಸ್ ಹಾಜಸ್ ಮುಂತಾದ ಸಹೋದ್ಯೋಗಿಗಳೊಂದಿಗೆ ಹಗಿನ್ಸ್, ಮುಂದುವರಿದ ಕ್ಯಾನ್ಸರ್ ಇದ್ದವರ ವೃಷಣಗಳನ್ನು ತೆಗೆದರು ಅಥವಾ ಈಸ್ಟ್ರೋಜೆನ್ ಕೊಟ್ಟರು. ರಕ್ತದಲ್ಲಿ ಆಮ್ಲೀಯ ಫಾಸ್ಫಟೇಸ್ ಇಳಿಯಿತು, ಹಲವರ ಮೂಳೆನೋವು ಬೇಗನೆ ತಗ್ಗಿತು. ಮೊದಲ 21 ಮಂದಿಯಲ್ಲಿ ನಾಲ್ವರು 12 ವರ್ಷಕ್ಕಿಂತ ಹೆಚ್ಚು ಬದುಕಿದರು. ಬೇರೆ ದಾರಿಯೇ ಇಲ್ಲದೆ ಹಾಸಿಗೆ ಹಿಡಿದಿದ್ದವರ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಕ್ಯಾನ್ಸರ್ ಕೋಶ ಯಾರ ಅಂಕೆಗೂ ಸಿಗದೆ ತನ್ನ ಪಾಡಿಗೆ ಬೆಳೆಯುತ್ತದೆ ಎಂಬ ನಂಬಿಕೆಗೂ ಅಲ್ಲಿ ಪೆಟ್ಟು ಬಿತ್ತು.

ಸ್ತನ ಕ್ಯಾನ್ಸರಿಗೂ ಇದೇ ವಿಚಾರ ವಿಸ್ತರಿಸಿತು. ಹಗಿನ್ಸ್ ನೇತೃತ್ವದ ಬೆನ್ ಮೇ ಪ್ರಯೋಗಾಲಯದಲ್ಲಿ ಎಲ್ವುಡ್ ಜೆನ್ಸೆನ್ ಈಸ್ಟ್ರೋಜೆನ್ ಗ್ರಾಹಕದ, ಅಂದರೆ ಕೋಶದೊಳಗೆ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿನ, ಕೆಲಸವನ್ನು ಬೆಳೆಸಿದರು. ಯಾವ ಗಡ್ಡೆ ಹಾರ್ಮೋನ್ ಚಿಕಿತ್ಸೆಗೆ ಮಣಿಯಬಹುದು ಎಂದು ಮೊದಲೇ ಅಂದಾಜಿಸುವ ಪರೀಕ್ಷೆ ಬಂದದ್ದು ಆ ಕೆಲಸದಿಂದ. 1966ರಲ್ಲಿ, ಗಡ್ಡೆ ತರುವ ವೈರಸ್ ಕಂಡುಹಿಡಿದ ಪೇಟನ್ ರೌಸ್ ಅವರೊಂದಿಗೆ ಹಗಿನ್ಸ್ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಇಷ್ಟು ದೊಡ್ಡ ಪ್ರಭಾವಕ್ಕೆ ಬೆಲೆಯೂ ಇತ್ತು. ಹೆಚ್ಚು ಪ್ರಮಾಣದ ಈಸ್ಟ್ರೋಜೆನ್ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸಾವುಗಳನ್ನು ಹೆಚ್ಚಿಸುತ್ತದೆ ಎಂದು 1960ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ತೋರಿಸಿತು. ಅದಕ್ಕಿಂತ ಹೆಚ್ಚು ಕಾಲ ಉಳಿದದ್ದು ಇನ್ನೊಂದು ಮಾತು. ಟೆಸ್ಟೋಸ್ಟಿರೋನ್ ಚುಚ್ಚಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕೆರಳುತ್ತದೆ ಎಂಬ 1941ರ ವಾಕ್ಯವನ್ನು ತಲೆಮಾರುಗಳು ಪ್ರಶ್ನಿಸದೆ ಒಪ್ಪಿದವು. ಹಾರ್ವರ್ಡ್‌ನ ಅಬ್ರಹಾಂ ಮಾರ್ಗೆಂಟೇಲರ್ 2006ರಲ್ಲಿ ಮೂಲ ಪ್ರಬಂಧವನ್ನು ತೆರೆದು ನೋಡಿದರು. ಹಾರ್ಮೋನ್ ಪಡೆದವರು ಮೂವರು. ಫಲಿತಾಂಶ ಕೊಟ್ಟಿದ್ದು ಇಬ್ಬರದು. ಅವರಲ್ಲೊಬ್ಬರ ವೃಷಣಗಳನ್ನು ಆಗಲೇ ತೆಗೆಯಲಾಗಿತ್ತು, ಹಾಗಾಗಿ ಅವರ ಫಲಿತಾಂಶ ವೃಷಣಗಳಿರುವವರಿಗೆ ಅನ್ವಯಿಸದು. ಅಂದರೆ ಅಷ್ಟು ವರ್ಷಗಳ ಭಯ ನಿಂತಿದ್ದು ಒಬ್ಬ ರೋಗಿಯ ರಕ್ತಪರೀಕ್ಷೆಯ ಮೇಲೆ. ಇಲ್ಲಿ ನಾನು ಹಗಿನ್ಸ್ ಅವರಿಗಿಂತ ಓದುಗರನ್ನೇ ಹೆಚ್ಚು ದೂರುತ್ತೇನೆ. ಅಂಕಿಗಳು ಪ್ರಬಂಧದಲ್ಲೇ ಇದ್ದವು.

ಚಿಕಿತ್ಸೆಗೆ ಮಣಿದ ರೋಗ ಕೆಲಕಾಲದ ನಂತರ ಮರಳುವುದನ್ನು ಹಗಿನ್ಸ್ ಕಂಡಿದ್ದರು. ವೃಷಣಗಳಿಲ್ಲದಿದ್ದರೂ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಪುರುಷ ಹಾರ್ಮೋನ್ ಒದಗಿಸುತ್ತಿರಬಹುದು ಎಂದು ಊಹಿಸಿ, ವಿಲಿಯಂ ಸ್ಕಾಟ್ ಜೊತೆಗೂಡಿ ಕೆಲವರಲ್ಲಿ ಅವೆರಡನ್ನೂ ತೆಗೆದು 1945ರಲ್ಲಿ ವರದಿ ಮಾಡಿದರು. ಅಡ್ರಿನಲ್‌ಗಳು ಸ್ರವಿಸುವ, ಬದುಕಿಗೆ ಬೇಕೇಬೇಕಾದ ಕಾರ್ಟಿಸಾಲ್ ಹಾರ್ಮೋನಿನ ಬದಲಿಗೆ ಕೊಡಬಹುದಾದ ಕಾರ್ಟಿಸೋನ್ ಆಗ ಔಷಧವಾಗಿ ಇರಲಿಲ್ಲ. ಅದಿಲ್ಲದೆ ರೋಗಿಗಳನ್ನು ಉಳಿಸಿಕೊಳ್ಳುವುದು ಅಸಾಧ್ಯವಾಗಿತ್ತು. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಬಿರಾಟೆರೋನ್ ಮಾತ್ರೆ ಅಡ್ರಿನಲ್‌ಗಳಲ್ಲೂ ಗಡ್ಡೆಯೊಳಗೂ ಈ ಹಾರ್ಮೋನ್ ತಯಾರಿಯನ್ನು ತಡೆಯುತ್ತದೆ. ಕಾರ್ಟಿಸಾಲ್ ಕೊರತೆಯನ್ನು ತುಂಬಲು ಅದರೊಂದಿಗೆ ಕಾರ್ಟಿಸೋನ್‌ನ ಬಂಧುವಾದ ಪ್ರೆಡ್ನಿಸೋಲೋನ್ ಕೊಡುತ್ತಾರೆ.